ಮೇಣದೊಳಗಿನ ನಾಲಿಗೆ

ನಾನು ಒಂದು ನಾಲಿಗೆಯ ತುಂಡು. ತುಂಡು ಎಂದರೆ ದೊಡ್ಡದೇನಲ್ಲ, ಒಂದು ತೊಗರಿಬೇಳೆಯಷ್ಟು. ಸುತ್ತಲೂ ಬಿಳಿ ಮೇಣ, ಬೆನ್ನಿಗೆ ಹಳದಿ ಪ್ಲಾಸ್ಟಿಕ್ಕಿನ ಚೌಕಟ್ಟು, ಅದರ ಅಂಚಿಗೆ ಪೆನ್ಸಿಲಿನಲ್ಲಿ ಬರೆದ ಒಂದು ನಂಬರು. ಆಸ್ಪತ್ರೆಯವರು ನನ್ನನ್ನು ಬ್ಲಾಕ್ ಎನ್ನುತ್ತಾರೆ. ಅನ್ನಲಿ ಬಿಡಿ. ಹುಟ್ಟಿನಿಂದ ನಾನು ನಾಲಿಗೆ, ಅದೂ ಫಕೀರವ್ವನ ನಾಲಿಗೆ. ಆದ್ದರಿಂದ ನನ್ನ ಮಾತು ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರಲ್ಲ, ನನ್ನದು ಮೇಣದಲ್ಲಿ ಮುಳುಗಿಸಿದರೂ ಹೋಗಲಿಲ್ಲ.

ಫಕೀರವ್ವ ಗದಗ ಸೀಮೆಯ ಒಂದು ಊರಿನಲ್ಲಿ ಹಳೆಯ ಬಟ್ಟೆ ಪಡೆದು ಸ್ಟೀಲಿನ ಪಾತ್ರೆ ಕೊಡುವವಳು. ತಲೆಯ ಮೇಲೆ ಪಾತ್ರೆಗಳ ಬುಟ್ಟಿ ಹೊತ್ತು ಮುಂದೆ ಆಕೆ, ಬಟ್ಟೆಯ ಗಂಟು ಹೊತ್ತು ಹಿಂದೆ ಆಕೆಯ ಗಂಡ ಗುಡದಪ್ಪ. ಓಣಿಯ ಈ ತುದಿಯಲ್ಲಿ ನಿಂತು “ಹಳೀ ಸೀರಿ, ಹಳೀ ಪ್ಯಾಂಟು ತರ್ರೆವ್ವಾ, ಹೊಸಾ ಭಾಂಡೆ ಒಯ್ರೆವ್ವಾ” ಎಂದು ಆಕೆ ಕೂಗಿದರೆ ಆ ತುದಿಯಲ್ಲಿ ಮಲಗಿದ ಕೂಸು ಎದ್ದು ಕೂರುತ್ತಿತ್ತು. ತಂದ ಸೀರೆಯನ್ನು ಬೆಳಕಿಗೆ ಹಿಡಿದು “ಇದು ಸೀರಿ ಅಲ್ಲ ತಂಗಿ, ಜರಡಿ” ಎನ್ನುವುದು, ತಂದವಳು ಮುಖ ಸಿಂಡರಿಸಿದರೆ ಆಕೆಯ ಅತ್ತೆಯ ಕಾಲದ ಸುದ್ದಿ ತೆಗೆದು ನಗಿಸುವುದು, ನಗುತ್ತಿರುವಾಗಲೇ ಇನ್ನೊಂದು ಸೀರೆ ಹೊರಗೆ ತರಿಸುವುದು, ಇದೆಲ್ಲ ನನ್ನ ಕೆಲಸ. ಗುಡದಪ್ಪ ಬಾಯಿ ಬಿಡುತ್ತಿದ್ದುದು ಒಂದೇ ಮಾತಿಗೆ. “ಸಾಕ್ ಮಾಡಲೇ, ಹೊತ್ತಾತು” ಎನ್ನುತ್ತಿದ್ದ. ಆಕೆ ಸಾಕು ಮಾಡುತ್ತಿರಲಿಲ್ಲ.

ಇಂಥ ಸುಖದ ಬಾಳಿಗೆ ಮುಳ್ಳಾಗಿ ಬಂದದ್ದು ಒಂದು ಮುರಿದ ದವಡೆ ಹಲ್ಲು. ಆಕೆ ಮಾತಾಡಿದಾಗಲೆಲ್ಲ ಅದು ನನ್ನ ಪಕ್ಕೆಗೆ ಚುಚ್ಚುತ್ತಿತ್ತು. ಆಕೆ ಮಾತಾಡದ ಹೊತ್ತು ಯಾವುದು ಹೇಳಿ. ಚುಚ್ಚಿ ಚುಚ್ಚಿ ಹುಣ್ಣಾಯಿತು. ಜೊತೆಗೆ ಎಲೆ ಅಡಿಕೆಯ ಚಟ. ಹುಣ್ಣು ಮಾಯಲಿಲ್ಲ. ಕೊನೆಗೆ ಗುಡದಪ್ಪನೇ ಕೈಹಿಡಿದು ಊರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ, ಹೇಳಿದರೆ ಸುಮ್ಮನೆ ಜಗಳ. ಅಲ್ಲಿಯ ಡಾಕ್ಟರು ಮುರಿದ ಹಲ್ಲನ್ನು ಕಿತ್ತರು. ಹುಣ್ಣಿನ ಅಂಚಿನಿಂದ ಒಂದು ಚೂರು ಕತ್ತರಿಸಿ, ಇದನ್ನು ಪರೀಕ್ಷೆಗೆ ಕಳಿಸೋಣ ಎಂದರು. ಆ ಚೂರೇ ನಾನು. ಅಲ್ಲಿಗೆ ನನ್ನ ಎರಡನೆಯ ಹುಟ್ಟು.

ಮೊದಲು ಒಂದು ಸೀಸೆಗೆ ಹಾಕಿದರು. ಅದರಲ್ಲಿ ಫಾರ್ಮಲಿನ್ ಎಂಬ ನೀರು. ಅದರ ಘಾಟಿಗೆ ಎಂಥವರ ಕಣ್ಣಲ್ಲೂ ನೀರು ಬರುತ್ತದೆ, ಆದರೆ ಅದರಲ್ಲಿ ಬಿದ್ದ ಮಾಂಸ ಕೊಳೆಯುವುದಿಲ್ಲ. ಆಮೇಲೆ ಸ್ಪಿರಿಟ್ಟಿನ ಮೇಲೆ ಸ್ಪಿರಿಟ್ಟು. ಮೈಯಲ್ಲಿದ್ದ ನೀರನ್ನೆಲ್ಲ ಹೀರಿ ತೆಗೆದರು. ಜನ್ಮದಲ್ಲಿ ಒಣಗಿ ಗೊತ್ತಿಲ್ಲದ ನನಗೆ ಅದೊಂದು ದೊಡ್ಡ ಶಿಕ್ಷೆ. ಕೊನೆಗೆ ಕಾಯಿಸಿದ ಮೇಣವನ್ನು ಅಚ್ಚಿಗೆ ಹೊಯ್ದು ಅದರೊಳಗೆ ನನ್ನನ್ನು ಕೂರಿಸಿದರು. ಆರಿದ ಮೇಲೆ ನಾನು ಗಟ್ಟಿ. ಇನ್ನು ಅಲುಗಾಡುವಂತಿಲ್ಲ, ಒಂದು ಅಕ್ಷರ ಆಡುವಂತಿಲ್ಲ.

ನನ್ನ ಪಕ್ಕದಲ್ಲಿ ನನಗಿಂತ ಒಂದು ನಂಬರು ಹಿಂದಿನ ಬ್ಲಾಕ್ ಇತ್ತು. ಅದೂ ನಾಲಿಗೆಯದೇ, ಯಾರೋ ಗಂಡಸಿನದು. ಆತನ ಹೆಸರು ನನಗೂ ಗೊತ್ತಿಲ್ಲ. ರೋಗ ಮಾತ್ರ ಗೊತ್ತಾಯಿತು, ಮಗ್ಗುಲಲ್ಲಿ ಇದ್ದವರಿಗೆ ಅದು ಗೊತ್ತಾಗದೆ ಇರುತ್ತದೆಯೇ. ಆತನಿಗೆ ಬಂದದ್ದು ಕ್ಯಾನ್ಸರು. ಪಾಪ ಅನ್ನಿಸಿತು. ನನ್ನಲ್ಲಿ ಅಂಥದ್ದೇನೂ ಇರಲಿಲ್ಲ. ಹಲ್ಲು ಚುಚ್ಚಿದ ಗಾಯ, ಅಷ್ಟೆ. ಒಳಗೇ ಇದ್ದ ನನಗಿಂತ ಚೆನ್ನಾಗಿ ಅದನ್ನು ಬಲ್ಲವರು ಯಾರು.

ನಮ್ಮನ್ನು ಕೊಯ್ಯುವವಳು ಜಬೀನಾ. ಕೈ ಬಲು ಹಗುರ. ಯಂತ್ರಕ್ಕೆ ನಮ್ಮನ್ನು ಸಿಕ್ಕಿಸಿ ಚಕ್ರ ತಿರುಗಿಸಿದರೆ ಈರುಳ್ಳಿಯ ಒಳಪೊರೆಗಿಂತ ತೆಳುವಾದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಇಳಿಯುತ್ತವೆ. ಅವನ್ನು ಉಗುರುಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ತೇಲಿಬಿಡುತ್ತಾಳೆ. ಸುಕ್ಕು ಬಿಡಿಸಿಕೊಂಡ ಹಾಳೆಯ ಕೆಳಗೆ ಗಾಜು ತೂರಿಸಿ ಮೇಲೆತ್ತಿದರೆ ಅದು ಸ್ಲೈಡು. ಒಂದು ಬ್ಲಾಕ್ ಮುಗಿದು ಇನ್ನೊಂದಕ್ಕೆ ಹೋಗುವ ಮುಂಚೆ ಆ ನೀರಿನ ಮೈಯನ್ನು ತೆಳು ಕಾಗದದಿಂದ ಒಮ್ಮೆ ಸವರಬೇಕು. ಹಿಂದಿನವರ ಚೂರು ಮುಂದಿನವರ ಗಾಜಿಗೆ ಹತ್ತಬಾರದಲ್ಲ, ಅದಕ್ಕೆ. ಜಬೀನಾ ಎಂದೂ ಅದನ್ನು ತಪ್ಪಿಸಿದವಳಲ್ಲ.

ಅಂದು ತಪ್ಪಿತು. ಪಕ್ಕದವನನ್ನು ಕೊಯ್ದು ಮುಗಿಸುವ ಹೊತ್ತಿಗೆ ಆಕೆಗೆ ಮನೆಯಿಂದ ಫೋನು ಬಂತು. ಮಗುವಿಗೆ ಜ್ವರ ನೆತ್ತಿಗೇರಿದೆ ಎಂದರು. ಮಾತಾಡುತ್ತ ಹೊರಗೆ ಹೋದಳು, ಕಣ್ಣೊರೆಸಿಕೊಂಡು ಒಳಗೆ ಬಂದಳು, ನೇರವಾಗಿ ನನ್ನನ್ನು ಯಂತ್ರಕ್ಕೆ ಸಿಕ್ಕಿಸಿದಳು. ನೀರು ಸವರಲಿಲ್ಲ. ತೊಟ್ಟಿಯ ಮೂಲೆಯಲ್ಲಿ ಪಕ್ಕದವನ ಒಂದು ಚೂರು, ಎಳ್ಳಿನ ಸಿಪ್ಪೆಯಷ್ಟು, ತೇಲುತ್ತಿತ್ತು. ನನ್ನ ಹಾಳೆ ನೀರಿಗೆ ಇಳಿಯಿತು. ಆ ಚೂರು ಮೆಲ್ಲಗೆ ಸರಿದು ಬಂದು ಪಕ್ಕದಲ್ಲಿ ನಿಂತಿತು. ಗಾಜು ಮೇಲೆದ್ದಾಗ ಇಬ್ಬರೂ ಒಟ್ಟಿಗೆ ಬಂದೆವು. ನಾನು ಕಂಡೆ. ಏಳು ಓಣಿಗೆ ಕೇಳುವಂತೆ ಕೂಗಿದ ನಾಲಿಗೆ ನಾನು, ಅಂದು ಒಂದು ತಾಸು ಅಲ್ಲೇ ಕೂತು ಒದ್ದಾಡಿದರೂ ಆ ಹುಡುಗಿಯ ಕಿವಿಗೆ ಒಂದು ಮಾತು ಹಾಕಲಾಗಲಿಲ್ಲ. ಅಷ್ಟು ಸಂಕಟ ನನಗೆ ಕತ್ತರಿಸಿದಾಗಲೂ ಆಗಿರಲಿಲ್ಲ.

ಅಂದು ರಿಪೋರ್ಟು ಬರೆಯುವ ಸರದಿ ಹೊಸದಾಗಿ ಬಂದ ಒಬ್ಬ ಡಾಕ್ಟರದು. ಗಾಜಿನ ಮೂಲೆಯಲ್ಲಿ ಅವರಿಗೆ ಕಂಡದ್ದು ಕ್ಯಾನ್ಸರು, ನಿಜವಾದ ಕ್ಯಾನ್ಸರು. ಅದರಲ್ಲಿ ಅವರ ಕಣ್ಣು ತಪ್ಪಲಿಲ್ಲ. ಅದು ಯಾರದು ಎಂಬುದೊಂದು ತಪ್ಪಿತು. ಕಾಗದದ ಮೇಲೆ ಫಕೀರವ್ವನ ಹೆಸರಿತ್ತು, ಬರೆದುಬಿಟ್ಟರು.

ಕೆಲವು ದಿನಗಳ ಮೇಲೆ ಲ್ಯಾಬಿನ ಕಿಟಕಿಯ ಆಚೆ ನನಗೆ ಪರಿಚಯದ ದನಿ ಕೇಳಿಸಿತು. ಆದರೆ ಅದರಲ್ಲಿ ಕಸುವಿರಲಿಲ್ಲ. ಆಪರೇಷನ್ ಮಾಡುವ ಡಾಕ್ಟರು ಹೇಳಿದ್ದರಂತೆ, ಹೆಚ್ಚುಕಡಿಮೆ ಅರ್ಧ ನಾಲಿಗೆ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಮೊದಲಿನಂತೆ ಇರುವುದಿಲ್ಲ. ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮಾಡಿಸಿದರೆ ಒಳ್ಳೆಯದು, ಹೋಗುವಾಗ ಸ್ಲೈಡು ಬ್ಲಾಕು ಎರಡನ್ನೂ ಒಯ್ಯಿರಿ ಎಂದೂ ಹೇಳಿದ್ದರು. ನಮ್ಮ ಕಡೆ ಅದೇ ಪದ್ಧತಿ. ರೋಗಿಯ ಮಾಂಸವನ್ನು ರೋಗಿಯೇ ಹೊತ್ತುಕೊಂಡು ಊರೂರು ತಿರುಗಬೇಕು.

ಜಬೀನಾ ನನ್ನನ್ನು ಹತ್ತಿಯಲ್ಲಿ ಸುತ್ತಿ ಕವರಿಗೆ ಹಾಕಿ ಕಿಟಕಿಯಿಂದ ಕೊಟ್ಟಳು. “ಬಿಸಲಾಗ ಇಡಬ್ಯಾಡ್ರಿ ಯಮ್ಮಾ, ಒಲಿ ಹತ್ರನೂ ಬ್ಯಾಡ. ಮೇಣ ಐತಿ, ಕರಗತೈತಿ” ಎಂದಳು.

“ಇದರಾಗ ಏನೈತಿ ತಂಗಿ?”

“ನಿಮ್ಮ ನಾಲಿಗಿ ಚೂರ್ರಿ.”

“ಚಲೋ ಆತು. ಉಳದದ್ದನ್ನೂ ಹಿಂಗಾ ಕಟ್ಟಿ ಕೊಡತಾರೇನು, ಕೇಳಬೇಕು” ಎಂದು ಫಕೀರವ್ವ ನಕ್ಕಳು. ನಗು ಅರ್ಧಕ್ಕೆ ನಿಂತಿತು. ಗುಡದಪ್ಪ ಮುಖ ಆಚೆ ತಿರುಗಿಸಿದ.

ಹೀಗೆ ನಾನು ತವರಿಗೆ ಹೋದೆ. ಹುಬ್ಬಳ್ಳಿಯ ಡಾಕ್ಟರು ಕೊಟ್ಟ ದಿನ ಬರುವವರೆಗೆ ಮನೆಯಲ್ಲೇ ನನ್ನ ವಾಸ. ಬೇಸಿಗೆಯ ದಿನ, ತಗಡಿನ ಮಾಡು. ಫಕೀರವ್ವ ಮನೆಯೆಲ್ಲ ತಂಪು ಹುಡುಕಿ ಕೊನೆಗೆ ನೀರಿನ ಹರವಿಯ ಬುಡದಲ್ಲಿ, ಒದ್ದೆ ಮರಳಿನ ಮೇಲೆ ಒಂದು ತಟ್ಟೆ ಇಟ್ಟು, ಅದರ ಮೇಲೆ ನನ್ನನ್ನು ಇಟ್ಟಳು. ಅಲ್ಲಿಂದ ನನಗೆ ಕಾಣುತ್ತಿದ್ದುದು ಆಕೆಯ ಪಾದ, ಗುಡದಪ್ಪನ ಪಾದ. ಒಡೆದ ಹಿಮ್ಮಡಿಗಳು. ಈ ಕಾಲುಗಳು ಎಷ್ಟು ಓಣಿ ತುಳಿದಿವೆ ಎಂದು ನಾನು ಬಾಯೊಳಗಿದ್ದಾಗ ಎಂದೂ ಯೋಚಿಸಿರಲಿಲ್ಲ.

ಮನೆಯಲ್ಲಿ ಮಾತಿರಲಿಲ್ಲ. ಓಣಿಯವರು ಬಂದು ಕೇಳಿದರೆ ಹೂಂ ಎನ್ನುವಳು, ಊಹೂಂ ಎನ್ನುವಳು. ಒಂದು ಮಧ್ಯಾಹ್ನ ಗುಡದಪ್ಪ ಹೊರಗೆ ಹೋದ ಮೇಲೆ ಆಕೆ ಬಾಗಿಲು ಮುಂದೆ ಮಾಡಿ ಹರವಿಯ ಪಕ್ಕಕ್ಕೆ ಬಂದು ಕೂತಳು. ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಯ ಎಡಗಡೆಗೆ ತುರುಕಿಕೊಂಡಳು. ನಾಲಿಗೆಯ ಅರ್ಧ ಅದರ ಕೆಳಗೆ ಸಿಕ್ಕಿಬಿತ್ತು. ಆಮೇಲೆ ಮೆಲ್ಲಗೆ ಕೂಗಿದಳು. ಸೀರಿ ಎಂಬುದು ಸೀರಿಯಾಗಿ ಬರಲಿಲ್ಲ, ಭಾಂಡೆ ಎಂಬುದು ಭಾಂಡೆಯಾಗಲಿಲ್ಲ. ಮತ್ತೆ ಕೂಗಿದಳು. ಬಾಯಿ ಓರೆ ಮಾಡಿ ನೋಡಿದಳು, ತುಟಿಯಿಂದ ಸಾಧಿಸಿ ನೋಡಿದಳು. ಅರ್ಧ ನಾಲಿಗೆಯಲ್ಲಿ ಯಾವ ಅಕ್ಷರ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಒಂದೊಂದಾಗಿ ಹೇಳಿಕೊಂಡು ಲೆಕ್ಕ ಹಾಕುತ್ತಿದ್ದಳು. ದಿನವೂ ಅದೇ ರೂಢಿಯಾಯಿತು. ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆಕೆ ಅಳದೆ ಕಲಿಯುತ್ತಿದ್ದಳು. ಅದನ್ನು ಕೇಳುವುದು ಕಷ್ಟವಾಯಿತು.

ಒಂದು ದಿನ ಗುಡದಪ್ಪ ಬೇಗ ಬಂದ. ಬಾಗಿಲ ಹೊರಗೆ ನಿಂತು ಎಲ್ಲವನ್ನೂ ಕೇಳಿದನೆಂದು ತೋರುತ್ತದೆ. ಒಳಗೆ ಬಂದು ಗಂಟನ್ನು ಇಳಿಸಿ, “ನೀ ಯಾಕ ತ್ರಾಸ ಮಾಡ್ಕೋತಿ? ಇನ್ನ ಮ್ಯಾಲೆ ನಾ ಕೂಗತೀನಿ. ನೀ ಬರೇ ಜತೀಗೆ ಬಾ” ಎಂದ.

“ಕೂಗ್ರಿ ನೋಡೂಣು” ಎಂದಳು ಆಕೆ.

ಆತ ಗಂಟಲು ಸರಿಮಾಡಿಕೊಂಡ. ಗೋಡೆಯ ಕಡೆ ಮುಖ ಮಾಡಿ “ಹಳೀ ಸೀರಿ” ಎಂದ. ಪಕ್ಕದ ಮನೆಯ ಬೆಕ್ಕಿಗೂ ಕೇಳಿಸಿರಲಿಕ್ಕಿಲ್ಲ. ಫಕೀರವ್ವನಿಗೆ ನಗು ಬಂತು. ಬಹಳ ದಿನಗಳ ಮೇಲೆ ಹೊಟ್ಟೆ ಹಿಡಿದು ನಕ್ಕಳು. “ಸಾಲಿ ಹುಡುಗ ಹಾಜರಿ ಹೇಳಿದಂಗಾತು. ಇಷ್ಟು ಮೆತ್ತಗ ಕೂಗಿದ್ರ ಯಾರು ಸೀರಿ ತರತಾರ?”

ಗುಡದಪ್ಪ ನಗಲಿಲ್ಲ. ಗೋಡೆಗೆ ಹಣೆ ಹಚ್ಚಿ ನಿಂತೇ ಇದ್ದ. “ನಾ ಕಲೀತೀನಿ. ಕೂಗೂದರ ಕಲೀಬಹುದು. ಮನ್ಯಾಗ ನೀ ಮಾತಾಡೂದು ನಿಂತ್ರ ನಾ ಹೆಂಗಿರ್ಲಿ ಫಕೀರಿ? ದಿನಾ ಸಾಕ್ ಮಾಡ ಅಂದೆ. ಖರೇ ಸಾಕಾಗಿ ಅಂದಿಲ್ಲ ನಾ” ಎಂದ. ಆಕೆ ಎದ್ದು ಹೋಗಿ ಆತನ ಬೆನ್ನಿನ ಮೇಲೆ ಕೈ ಇಟ್ಟಳು. ಮರುದಿನದಿಂದ ಹಿತ್ತಲಲ್ಲಿ ಆತ ಕೂಗುವುದನ್ನು ಕಲಿಯತೊಡಗಿದ, ಆಕೆ ಒಳಗಿನಿಂದಲೇ ತಿದ್ದುತ್ತಿದ್ದಳು.

ಹುಬ್ಬಳ್ಳಿಗೆ ಹೋಗುವ ದಿನ ಬಂತು. ಬಸ್ಸಿನಲ್ಲಿ ಕಿಟಕಿಯ ಬಿಸಿಲು ಬೀಳದಂತೆ ಆಕೆ ನನ್ನನ್ನು ಒದ್ದೆ ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಅಲ್ಲಿಯ ಆಸ್ಪತ್ರೆಯಲ್ಲಿ ಮೊದಲು ಆಕೆಯನ್ನು ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿದರು. ಅದೂ ನಮ್ಮ ಜಾತಿಯದೇ ಕೆಲಸ ಮಾಡುತ್ತದೆ, ಮನುಷ್ಯರನ್ನು ಹಾಳೆ ಹಾಳೆಯಾಗಿ ಕೊಯ್ದು ತೋರಿಸುತ್ತದೆ, ಆದರೆ ಚೂರಿ ಇಲ್ಲದೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಆ ಫಿಲ್ಮುಗಳೂ ನನ್ನ ಸ್ಲೈಡೂ ನಾನೂ ಒಂದೇ ಮೇಜಿನ ಮೇಲೆ ಬಂದು ಕೂತೆವು. ಮೇಜಿನ ಆಚೆ ಡಾಕ್ಟರ್ ಹೆಬಸೂರ, ತಲೆ ಬೆಳ್ಳಗಾದ ಹೆಂಗಸು, ಮಾತು ಕಡಿಮೆ.

ಅವರು ಫಿಲ್ಮನ್ನು ಬೆಳಕಿಗೆ ಹಿಡಿದು ಕುತ್ತಿಗೆಯ, ನಾಲಿಗೆಯ ಒಂದೊಂದು ಹಾಳೆಯನ್ನೂ ನೋಡಿದರು. ಗಡ್ಡೆಯಿಲ್ಲ. ಫಕೀರವ್ವನಿಗೆ ಬಾಯಿ ತೆರೆಯಲು ಹೇಳಿ ಬೆರಳಿನಿಂದ ಒತ್ತಿ ನೋಡಿದರು. ಹಲ್ಲು ಕಿತ್ತ ಮೇಲೆ ಹುಣ್ಣು ತಾನಾಗಿಯೇ ಮಾಯ್ದಿತ್ತು. ಕೊನೆಗೆ ನನ್ನ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. “ಈ ಚೂರಿಗೆ ಹಿಂದಿಲ್ಲ ಮುಂದಿಲ್ಲ. ಅಂಚಿನಾಗ ಒಂದಾ ನಿಂತದ, ಉಳದ ಮಾಂಸಕ್ಕ ಕೂಡಿಲ್ಲ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಸಹಾಯಕನನ್ನು ಕರೆದು, ನೀರು ಬದಲಿಸಿ ಈ ಬ್ಲಾಕನ್ನು ಮತ್ತೆ ಕೊಯ್ಯಿ, ಆಳಕ್ಕೆ ಕೊಯ್ಯಿ ಎಂದರು.

ಕೊಯ್ದರು. ಹಾಳೆಯ ಮೇಲೆ ಹಾಳೆ ಇಳಿಯಿತು. ಮೈ ಅರ್ಧ ಸವೆದುಹೋಯಿತು. ಸವೆಯಲಿ, ಇನ್ನೂ ಕೊಯ್ಯಿರಿ, ಕೊನೆಯ ಚೂರಿನವರೆಗೂ ಕೊಯ್ಯಿರಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ನನಗೆ ಮಾತು ಇರಲಿಲ್ಲ, ನನ್ನ ಮೈಯೇ ನನ್ನ ಸಾಕ್ಷಿ. ಎಲ್ಲ ಗಾಜುಗಳೂ ಸ್ವಚ್ಛ ಬಂದವು. ಡಾಕ್ಟರ್ ಹೆಬಸೂರ ನಮ್ಮ ಊರಿನ ಆಸ್ಪತ್ರೆಗೆ ಫೋನು ಹಚ್ಚಿದರು. ಅಲ್ಲಿ ಪಕ್ಕದವನ ಸ್ಲೈಡು ತೆಗೆದು ನೋಡಿದರು. ಯಾವ ಚೂರು ಎಲ್ಲಿಂದ ತೇಲಿ ಬಂತು ಎಂಬುದು ಎಲ್ಲರಿಗೂ ತಿಳಿಯಿತು.

ಡಾಕ್ಟರ್ ಹೆಬಸೂರ ಗಂಡಹೆಂಡಿರನ್ನು ಒಳಗೆ ಕರೆದು ಕೂರಿಸಿದರು. “ಫಕೀರವ್ವಾ, ನಿಮಗ ಕ್ಯಾನ್ಸರ್ ಇಲ್ಲ. ನಿಮ್ಮ ಗಾಜಿಗೆ ಬ್ಯಾರೆಯವರ ಚೂರು ಹತ್ತಿತ್ತು. ಆಪರೇಷನ್ ಬ್ಯಾಡ. ಮನೀಗೆ ಹೋಗ್ರಿ” ಎಂದರು.

ಗುಡದಪ್ಪ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಫಕೀರವ್ವ ಅಳಲಿಲ್ಲ, ನಗಲೂ ಇಲ್ಲ. ನಾಲಿಗೆಯನ್ನು ಒಮ್ಮೆ ದವಡೆಯ ಸುತ್ತ ಹೊರಳಿಸಿ ನೋಡಿಕೊಂಡಳು. ಆಮೇಲೆ ಕೇಳಿದಳು, “ಹಂಗಾರ ಅದು ಯಾರದ್ರಿ?”

“ಇನ್ನೊಬ್ಬ ಪೇಷಂಟಿಂದು. ಅವ್ರಿಗೆ ತಿಳಿಸ್ಯಾರ, ಚಿಕಿತ್ಸೆ ನಡದದ. ಹೆಸರು ಹೇಳಾಕ ಬರೂದಿಲ್ಲವ್ವ.”

ನನ್ನನ್ನು ನನ್ನ ಆಸ್ಪತ್ರೆಗೆ ಮರಳಿಸಬೇಕಿತ್ತು. ಫಕೀರವ್ವನೇ ತಂದಳು. ಆಕೆ ಬರುತ್ತಾಳೆಂಬ ಸುದ್ದಿ ಮೊದಲೇ ಬಂದು ಲ್ಯಾಬಿನಲ್ಲಿ ಎಲ್ಲರೂ ಬಾಗಿಲ ಕಡೆ ನೋಡುತ್ತ ಕೂತಿದ್ದರು. ಆಕೆಯ ಬಾಯಿಯ ಖ್ಯಾತಿ ಊರಿಗೆಲ್ಲ ಗೊತ್ತು. ವಿಭಾಗದ ದೊಡ್ಡ ಡಾಕ್ಟರು ತಾವೇ ಎದ್ದು ಬಂದು, ಅಂದು ಈ ಹುಡುಗಿಯ ಕೂಸಿಗೆ ಜ್ವರವಿತ್ತು, ನೀರು ಸವರುವುದನ್ನು ಮರೆತಳು, ನಮ್ಮಿಂದ ತಪ್ಪಾಯಿತು ಎಂದು ಕೈಮುಗಿದರು. ರಿಪೋರ್ಟು ಬರೆದ ಹೊಸ ಡಾಕ್ಟರು ಗೋಡೆಗೆ ಅಂಟಿ ನಿಂತಿದ್ದರು. ಜಬೀನಾ ಕಿಟಕಿಯ ಹಿಂದೆ ಅಳುತ್ತಿದ್ದಳು. ಆಗ ಬಾಯಿ ಬಿಟ್ಟವನು ಗುಡದಪ್ಪ. ಹಿತ್ತಲಲ್ಲಿ ಕಲಿತ ಕೂಗೆಲ್ಲ ಒಮ್ಮೆಗೇ ಹೊರಗೆ ಬಂತು.

“ತಪ್ಪಾತು ಅಂದ್ರ ಮುಗೀತೇನ್ರಿ? ಈಕಿ ನಾಲಿಗಿ ಕತ್ತರಿಸಿದ್ದಿದ್ರ ತಿರುಗಿ ಹಚ್ಚತಿದ್ರೇನು? ಈಕಿ ಬಾಯಾಗ ಅರಿವಿ ತುರುಕ್ಕೊಂಡು ಕೂತಿದ್ಲು, ಗೊತ್ತೈತೇನು ನಿಮಗ?” ಕಾರಿಡಾರಿನಲ್ಲಿ ಹೋಗುವವರೆಲ್ಲ ನಿಂತರು.

“ಸಾಕ್ ಮಾಡ್ರಿ” ಎಂದಳು ಫಕೀರವ್ವ. ಮೆಲ್ಲಗೇ ಹೇಳಿದಳು. “ಬಯ್ಯೂದಿದ್ರ ನಾನಾ ಬೈತಿದ್ದೆ, ನನಗೇನು ಬರೂದಿಲ್ಲೇನು? ಉಳದ ನಾಲಿಗಿಲೆ ಮೊದಲ ಮಾತು ಬೈಗಳಾ ಆಗೂದು ಬ್ಯಾಡ ಅಂತ ತಡಕೊಂಡೀನಿ.” ಜಬೀನಾಳ ಕಡೆ ತಿರುಗಿದಳು. “ಕೂಸಿಗೆ ಈಗ ಹೆಂಗೈತಿ?” ಜಬೀನಾ ಅಳುತ್ತಲೇ, ಆರಾಮ ಐತ್ರಿ ಎಂದಳು. “ಹಂಗಾರ ಇನ್ನ ಕಣ್ಣು ಒರಸ್ಕೊ. ಕಣ್ಣಾಗ ನೀರಿಟ್ಕೊಂಡು ಜನರ ಮಾಂಸ ಕೊಯ್ಯಬ್ಯಾಡ.”

ಆಮೇಲೆ ಆಕೆ ಕಿಟಕಿಯ ಕಟ್ಟೆಯ ಮೇಲೆ ನನ್ನನ್ನು ಇಟ್ಟು, ಎಲ್ಲರನ್ನೂ ನೋಡುತ್ತ ಹೇಳಿದಳು. “ಇಷ್ಟು ದಿನ ಯಾರದೋ ದುಃಖ ನಾ ಹೊತ್ತೀನಿ. ಅವ್ರ ಸಾವಿನ ಹೆದರಿಕಿ ನನ್ನ ಮಗ್ಗಲಕ್ಕ ಮಲಗಿತ್ತು. ಈಗ ನಂದಲ್ಲ ಅಂತ ಇಲ್ಲೇ ಬಿಟ್ಟು ಹೆಂಗ ಹೋಗ್ಲಿ? ಅವ್ರು ಯಾರು ಹೇಳ್ರಿ, ಒಂದು ಮಾತು ಮಾತಾಡಿ ಹೋಗತೀನಿ.”

ಹೇಳುವಂತಿಲ್ಲ, ಕಾಯಿದೆಯಲ್ಲಿ ಅವಕಾಶವಿಲ್ಲ ಎಂದರು ದೊಡ್ಡ ಡಾಕ್ಟರು. “ಇದಾ ಆಸ್ಪತ್ರ್ಯಾಗ ಅದಾರೇನು, ಅಷ್ಟರ ಹೇಳ್ರಿ” ಎಂದಳು. ಅವರ ಕಣ್ಣು ತಾನಾಗಿಯೇ ಮಹಡಿಯ ಮೆಟ್ಟಿಲ ಕಡೆ ಹೋಯಿತು. ಫಕೀರವ್ವನಿಗೆ ಅಷ್ಟು ಸಾಕಾಯಿತು.

ಮುಂದಿನದನ್ನು ನಾನು ಜಬೀನಾಳ ಬಾಯಿಂದ ಕೇಳಿದೆ. ಆಕೆ ಆ ದಿನ ಫಕೀರವ್ವನ ಹಿಂದೆಯೇ ಹೋಗಿದ್ದಳು. ಮೇಲಿನ ಮಹಡಿಯಲ್ಲಿ ಬಾಯಿಯ, ಗಂಟಲಿನ ಆಪರೇಷನ್ ಆದವರ ವಾರ್ಡು ಇದೆ. ಮೂಗಿಗೆ ನಳಿಗೆ, ಕೆನ್ನೆಗೆ ಪಟ್ಟಿ, ಮಾತಾಡಲಾಗದೆ ಕೈಸನ್ನೆ ಮಾಡುವವರು. ಯಾವ ಹಾಸಿಗೆ ಎಂದು ಆಕೆಗೆ ಗೊತ್ತಿರಲಿಲ್ಲ. ಆದ್ದರಿಂದ ಬಾಗಿಲ ಪಕ್ಕದ ಹಾಸಿಗೆಯಿಂದ ಹಿಡಿದು ಕಿಟಕಿಯ ಪಕ್ಕದ ಹಾಸಿಗೆಯವರೆಗೆ ಒಂದನ್ನೂ ಬಿಡದೆ ಕೂತಳು. ಊರು ಯಾವುದು ಎಂದು ಕೇಳಿದಳು, ಅತ್ತೆ ಸೊಸೆಯರ ಸುದ್ದಿ ಹೇಳಿದಳು, ನಗಿಸಿದಳು. ನಗಬೇಡಿ ಹೊಲಿಗೆ ಬಿಚ್ಚುತ್ತದೆ ಎಂದು ನರ್ಸು ಬಂದು ಗದರಿಸುವಷ್ಟು ನಗಿಸಿದಳಂತೆ. ಅವರ ತೊದಲು ಹೆಂಡತಿ ಮಕ್ಕಳಿಗೇ ತಿಳಿಯುತ್ತಿರಲಿಲ್ಲ. ಫಕೀರವ್ವನಿಗೆ ತಿಳಿಯುತ್ತಿತ್ತು. “ನೀರಲ್ಲ ಬೇ, ಕಿಟಕಿ ಮುಚ್ಚು ಅನ್ನಾಕತ್ತಾನ” ಎಂದು ಅವರಿಗೆ ಬಿಡಿಸಿ ಹೇಳುತ್ತಿದ್ದಳು.

ಈಗ ನಾನು ಕಬ್ಬಿಣದ ಅಲಮಾರಿಯ ಕೆಳಗಿನ ಖಾನೆಯಲ್ಲಿದ್ದೇನೆ. ಮೇಣ ಹಳದಿಯಾಗಿದೆ, ಮೈ ಅರ್ಧ ಸವೆದಿದೆ. ಪಕ್ಕದವನು ಪಕ್ಕದಲ್ಲೇ ಇದ್ದಾನೆ. ಆತನ ಯಜಮಾನ ಉಳಿದನೋ ಇಲ್ಲವೋ ನನಗೆ ಗೊತ್ತಿಲ್ಲ, ಆತನ ಬ್ಲಾಕನ್ನು ಯಾರೂ ಮತ್ತೆ ಹೊರಗೆ ತೆಗೆದಿಲ್ಲ. ಕಾಲ ತುಂಬಿದ ಮೇಲೆ ನಮ್ಮನ್ನು ಒಟ್ಟಿಗೆ ಸುಡುತ್ತಾರಂತೆ. ಸುಡಲಿ, ನನಗೆ ದುಃಖವಿಲ್ಲ. ಒಂದು ಬಾಯಿಯಲ್ಲಿ ಹುಟ್ಟಿದ್ದಕ್ಕೆ ಆ ಬಾಯಿಯ ಮಾತನ್ನು ಉಳಿಸಿದೆನಲ್ಲ, ಅಷ್ಟು ಸಾಕು.

ಸಂತೆಯ ದಿನ ಓಣಿಗಳಲ್ಲಿ ಪಾತ್ರೆ ಕೇಳುವವರಿರುವುದಿಲ್ಲ. ಅಂದು ಫಕೀರವ್ವ ಮೇಲಿನ ವಾರ್ಡಿಗೆ ಬರುತ್ತಾಳೆ. ಆ ಹಾಸಿಗೆಗಳಲ್ಲಿ ಎಷ್ಟೋ ಜನ ಬಂದರು, ಎಷ್ಟೋ ಜನ ಹೋದರು. ಆಕೆ ಬಾಗಿಲಿಂದ ಕಿಟಕಿಯವರೆಗೆ ಎಲ್ಲರ ಬಳಿಯೂ ಕೂರುತ್ತಾಳೆ, ಎಲ್ಲರೊಡನೆಯೂ ಮಾತಾಡುತ್ತಾಳೆ. ಆ ಚೂರು ಯಾರದು ಎಂದು ಈಗ ಕೇಳುವುದಿಲ್ಲ.